ಚಿಗವ್ವನ ಏಡಿಕಾಳಗ

ನಮ್ಮ ಚಿಗವ್ವ ಹುಬ್ಬಳ್ಳಿ ಬಿಟ್ಟು ದೂರ ಹೋದವಳಲ್ಲ. ರೈಲು ಹತ್ತಿದರೆ ಗದಗ ಬರುವ ಮೊದಲೇ ತಲೆ ಸುತ್ತುತ್ತದೆ. ಬಸ್ಸು ಹತ್ತಿದರೆ ಧಾರವಾಡಕ್ಕೇ ಸಾಕಾಗುತ್ತದೆ. ವಿಮಾನವನ್ನು ನೋಡಿದ್ದೇನೋ ಉಂಟು, ಆದರೆ ಕೆಳಗಿನಿಂದ. ಇಂಥವಳು ಬೇರೆ ಬೇರೆ ಗ್ರಹಗಳ ಮೇಲೆ ಇಳಿದು ಯುದ್ಧ ಮಾಡಿ ಬಂದಿದ್ದಾಳೆ ಎಂದರೆ ನೀವು ನಂಬುತ್ತೀರಾ? ನಂಬದಿದ್ದರೆ ಉಣಕಲ್ಲಿನ ಅವಳ ಮನೆಗೆ ಹೋಗಿ ಕೇಳಿ. ಯಾವ ಗ್ರಹದ ಕೆಸರು ಕಾಲು ಹಿಡಿಯುತ್ತದೆ, ಯಾವುದರಲ್ಲಿ ಗಾಳಿಯೇ ಇಲ್ಲ, ಎಲ್ಲಿ ಬಂದೂಕಿಗೆ ತುಕ್ಕು ಹಿಡಿಯುತ್ತದೆ ಎಂಬುದನ್ನೆಲ್ಲ ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತಲೇ ಹೇಳಿಬಿಡುತ್ತಾಳೆ!

ಚಿಗವ್ವ ಎಂದರೆ ನಮ್ಮವ್ವನ ತಂಗಿ. ಹೆಣ್ಣುಮಕ್ಕಳ ಸಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಇಳಕಲ್ ಸೀರೆ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಬೂಟು, ಕೊರಳಲ್ಲಿ ತಾಳಿಯ ಜೊತೆಗೇ ಒಂದು ಸೀಟಿ. ಸಾಲೆ ಬಿಟ್ಟ ಮೇಲೂ ಸೀಟಿ ಕೊರಳಲ್ಲಿಯೇ ಇರುತ್ತಿತ್ತು. ಕುಕ್ಕರಿನ ಸೀಟಿ ಯಾವುದು, ಚಿಗವ್ವನದು ಯಾವುದು ಎಂದು ಓಣಿಯವರಿಗೆ ಗೊತ್ತಾಗಲು ಬಹಳ ದಿನ ಹಿಡಿಯಿತಂತೆ.

ಅವಳ ಗಂಡ, ನಮ್ಮ ಕಾಕಾ, ಕಮರಿಪೇಟೆಯ ಹತ್ತಿ ವ್ಯಾಪಾರಸ್ಥರ ಮನೆಯವರು. ಅಣ್ಣಂದಿರೆಲ್ಲ ಹತ್ತಿಯ ಅಂಡಿಗೆ, ಮೂಟೆ ಹಿಡಿದರೆ ಇವರು ಕ್ಯಾಸೆಟ್ಟು ಹಿಡಿದರು. ಕೇಶ್ವಾಪುರದಲ್ಲಿ ಒಂದು ವಿಡಿಯೋ ಲೈಬ್ರರಿ ತೆಗೆದರು. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಡಿ.ವಿ.ಡಿ. ಬಂತು. ಕಾಕಾ ಎಲ್ಲಕ್ಕೂ ಹೊಸ ಕಪಾಟು ಮಾಡಿಸುತ್ತ ಹೋದರು. ಕೊನೆಗೆ ಸಿನಿಮಾ ಎಲ್ಲರ ಅಂಗಿಯ ಕಿಸೆಯಲ್ಲಿ ಫೋನಾಗಿ ಕೂತಿತು. ಅದಕ್ಕೆ ಯಾವ ಕಪಾಟು ಮಾಡಿಸುವುದು? ಅಂಗಡಿ ಮುಚ್ಚಿದರು.

ಮುಚ್ಚುವಾಗ ಎಲ್ಲ ಡಿಸ್ಕುಗಳೂ ಯಾರ್‍ಯಾರದೋ ಪಾಲಾದವು. ಒಂದು ಡಬ್ಬಿ ಮಾತ್ರ ಉಳಿಯಿತು. ಮುಂಬೈಯ ಹೋಲ್‌ಸೇಲ್‌ನವನು ಬೇರೆ ಮಾಲಿನ ಜೊತೆ ಕಟ್ಟಿ ಕಳಿಸಿದ್ದ ಡಬ್ಬಿ ಅದು. ಒಳಗೆ ಕಂಪ್ಯೂಟರಿನಲ್ಲೇ ತಯಾರಿಸಿದ ಒಂದು ಇಂಗ್ಲಿಷ್ ಧಾರಾವಾಹಿ. ಮೈತುಂಬ ಕಬ್ಬಿಣದ ಕವಚ ತೊಟ್ಟ ಸಿಪಾಯಿಗಳ ಒಂದು ತಂಡ ಗ್ರಹದಿಂದ ಗ್ರಹಕ್ಕೆ ಹಾರಿ, ಎತ್ತಿನ ಗಾಡಿಯಷ್ಟು ದೊಡ್ಡ ಏಡಿಗಳ ಮೇಲೆ ಯುದ್ಧ ಮಾಡುತ್ತದೆ. ಇಷ್ಟೇ ಕಥೆ. ಅದನ್ನು ಒಬ್ಬರೂ ಬಾಡಿಗೆಗೆ ಒಯ್ದಿರಲಿಲ್ಲ. ದೊಡ್ಡವರು ಡಬ್ಬಿ ನೋಡಿ, "ಏ, ಇದು ಕಾರ್ಟೂನ್ ಐತ್ರಿ" ಎಂದು ಇಡುತ್ತಿದ್ದರು. ಮಕ್ಕಳು ಒಯ್ದ ಹಾಗೆ ಮಾಡಿ, "ಇದರಾಗ ನಗೂದ ಇಲ್ರಿ ಕಾಕಾ" ಎಂದು ಬಾಗಿಲಿನಿಂದಲೇ ತಿರುಗಿ ಕೊಡುತ್ತಿದ್ದರು. ಪಾಪ, ಯಾವ ಬಳಗಕ್ಕೂ ಸೇರದ ಡಬ್ಬಿ!

ಅಂಗಡಿ ಮುಚ್ಚಿದ್ದು, ಚಿಗವ್ವ ನಿವೃತ್ತಿಯಾದದ್ದು ಒಂದೇ ವರ್ಷ. ಬೆಳಗಾದರೆ ಸಾಲಾಗಿ ನಿಲ್ಲಿಸಲು ಹುಡುಗಿಯರಿಲ್ಲ. ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ನಿಲ್ಲಿಸಿದಳು. ಅದು ಮುಗಿಯಿತು. ಅಟ್ಟದ ಮೇಲಿನ ತಾಮ್ರದ ಕೊಡಗಳನ್ನು ನಿಲ್ಲಿಸಿದಳು. ಅದೂ ಮುಗಿಯಿತು. ಇನ್ನು ಮುಂದಿನ ಸರದಿ ತನ್ನದೇ ಎಂದು ಹೆದರಿ ಕಾಕಾ ಆ ಡಬ್ಬಿ ಬಿಚ್ಚಿ ಮೊದಲನೆಯ ಡಿಸ್ಕು ಹಾಕಿದರು. "ಸುಮ್ನ ನೋಡು, ಇದರಾಗ ಸಿಪಾಯಿಗೋಳು ಅದಾರ" ಎಂದರು.

ಅವತ್ತು ಕೂತವಳು ಎದ್ದೇ ಇಲ್ಲ ಎಂದರೆ ಸ್ವಲ್ಪ ಹೆಚ್ಚಾಯಿತು. ರೊಟ್ಟಿ ಮಾಡಲು ಎದ್ದಿದ್ದಳು.

ಈ ಸುದ್ದಿ ಧಾರವಾಡದಲ್ಲಿದ್ದ ನನಗೆ ಗೊತ್ತಿರಲಿಲ್ಲ. ನಾಗರಪಂಚಮಿಯ ಮಾರನೆಯ ದಿನ ಶೇಂಗಾ ಉಂಡಿಯ ಡಬ್ಬಿ ಹಿಡಿದು ಉಣಕಲ್ಲಿಗೆ ಹೋದೆ. ಬಾಗಿಲಲ್ಲಿ ಕಾಲಿಡುತ್ತಿದ್ದ ಹಾಗೆಯೇ ಒಳಗಿನಿಂದ ಚಿಗವ್ವ ಚೀರಿದಳು.

"ಬಂದೇನವಾ? ಉಂಡಿ ಅಲ್ಲೇ ಇಡು. ಹೊಸಾಂವ ತೆಗ್ಗಿನ್ಯಾಗ ಬಿದ್ದಾನ!"

ಅವರ ಮನೆಯ ಮೇಲೆ ಹೊಸದಾಗಿ ಬಾಡಿಗೆಗೆ ಬಂದ ಒಬ್ಬ ಹುಡುಗ ಇದ್ದ. ಓಣಿಯ ತುದಿಯಲ್ಲಿ ರಸ್ತೆ ಅಗೆಯುವುದನ್ನು ನಾನೇ ನೋಡಿಕೊಂಡು ಬಂದಿದ್ದೆ. ಉಂಡಿ ಕೆಳಗಿಟ್ಟು ಓಡಿದೆ. ತೆಗ್ಗಿನ ಹತ್ತಿರ ಇಬ್ಬರು ಸಲಿಕೆ ಹಿಡಿದು ನಿಂತಿದ್ದರು.

"ಯಾರರೆ ಬಿದ್ದಾರೇನ್ರಿ?" ಎಂದು ಏದುಸಿರಿನಿಂದ ಕೇಳಿದೆ.

"ಇನ್ನೂ ಯಾರೂ ಬಿದ್ದಿಲ್ರಿ ಅಕ್ಕಾರ. ಇವತ್ತ ಅಗ್ಯಾಕ ಸುರು ಮಾಡೇವಿ" ಎಂದರು.

ತಿರುಗಿ ಬಂದಾಗ ಚಿಗವ್ವ ಟಿ.ವಿ. ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಹೊಸಾಂವ ಎಂದರೆ ಆ ತಂಡಕ್ಕೆ ಹೊಸದಾಗಿ ಸೇರಿದ ಎಳೆಯ ಸಿಪಾಯಿ. ಏಡಿಗಳು ತೋಡಿದ ತೆಗ್ಗಿನಲ್ಲಿ ಬಿದ್ದಿದ್ದ. ತಂಡದ ಮುಖ್ಯಸ್ಥನಿಗೆ ಚಿಗವ್ವ ಇಟ್ಟ ಹೆಸರು ದಪ್ಪಮೀಸಿ. ಹಡಗು ಹಾರಿಸುವ ಹುಡುಗಿಗೆ ಗಟ್ಟಿಗಿತ್ತಿ. ಅವರ ನಿಜವಾದ ಹೆಸರುಗಳನ್ನು ಅವರು ಎಷ್ಟು ಸಲ ಹೇಳಿಕೊಂಡರೂ ಚಿಗವ್ವ ಕಿವಿಗೆ ಹಾಕಿಕೊಳ್ಳಲಿಲ್ಲ.

"ಚಿಗವ್ವಾ, ಇದೆಲ್ಲಾ ಇಂಗ್ಲಿಷ್ ಐತಲ್ಲ. ನಿನಗ ತಿಳೀತದೇನು?"

"ಆರ್ಡರ್ ಕೊಡೂದಕ್ಕ ಭಾಷಾ ಯಾಕ ಬೇಕವಾ? ದನಿ ಸಾಕು. ನಾ ಜಲ್ಮಪೂರ್ತಿ 'ಸಾವಧಾನ್, ವಿಶ್ರಾಮ್' ಅಂದೇನಿ. ಅದು ಯಾವ ಭಾಷಾರಿ ಟೀಚರ್ ಅಂತ ಒಂದ ಹುಡುಗೀನೂ ಕೇಳಿಲ್ಲ."

ನಾನು ಬೇರೆ ಕಡೆಯಿಂದ ಹಿಡಿದೆ. ಆಗಿನ ಕಾಲದ ಕಂಪ್ಯೂಟರ್ ಚಿತ್ರ ಅದು. ಮುಖಗಳೆಲ್ಲ ಎಣ್ಣೆ ಹಚ್ಚಿದ ಪ್ಲಾಸ್ಟಿಕ್ ಕೊಡದ ಹಾಗೆ ಮಿರಮಿರ ಮಿಂಚುತ್ತಿದ್ದವು. ಕಣ್ಣು ಮಿಟುಕಿಸುವುದೇ ಅಪರೂಪ. ಬಿರುಗಾಳಿ ಬೀಸಿದರೂ ಒಂದು ಕೂದಲು ಅಲ್ಲಾಡುತ್ತಿರಲಿಲ್ಲ.

"ನೋಡಲ್ಲೆ, ಗೊಂಬಿ ಇದ್ದಂಗ ಅದಾರ. ಕೂದಲ ಸೈತ ಹಾರವಲ್ವು" ಎಂದೆ.

ಚಿಗವ್ವ ನನ್ನನ್ನು ಸಮವಸ್ತ್ರ ಹಾಕದೆ ಬಂದ ಹುಡುಗಿಯನ್ನು ನೋಡುವ ಹಾಗೆ ನೋಡಿದಳು. "ಯುದ್ಧಕ್ಕ ಹೋದವರು ಕೂದಲಾ ಹಾರಿಸ್ಕೋತ ನಿಲ್ತಾರೇನು? ಎಣ್ಣಿ ಹಚ್ಚಿ ಬಾಚ್ಯಾರ. ನಮ್ಮ ಸಾಲಿ ಹುಡುಗ್ಯಾರಿಗೆ ಹಂಗ ಬಾಚರಿ ಅಂತ ಬಡಕೊಂಡೆ, ಒಬ್ಬಾಕಿ ಕೇಳಲಿಲ್ಲ."

ಅವಳು ನೋಡುವ ರೀತಿಯೂ ಬೇರೆ. ನಾವೆಲ್ಲ ಕಥೆ ನೋಡುತ್ತೇವೆ, ಚಿಗವ್ವ ಕವಾಯತು ನೋಡುತ್ತಿದ್ದಳು. ಯಾವನಾದರೂ ಸಾಲು ತಪ್ಪಿದರೆ ಸೀಟಿ ಊದುತ್ತಿದ್ದಳು. ದಪ್ಪಮೀಸಿ ಕಾಲೆಳೆದು ನಡೆದರೆ ಅವನಿಗೂ ಬಿಡುತ್ತಿರಲಿಲ್ಲ. ಮೊದಲ ಸಲ ಎಲ್ಲರೂ ಏಡಿಗೆ ಬೆನ್ನು ತೋರಿಸಿ ಓಡಿದಾಗ ಎದ್ದು ನಿಂತು, "ಹಿಂದ ಹೊಳ್ಳರಿ!" ಎಂದು ಗರ್ಜಿಸಿದಳಂತೆ. ಅವರು ಹೊರಳಿದರಂತೆ. ಕಾಕಾ ಇವತ್ತಿಗೂ ಅದು ಕಾಕತಾಳೀಯ ಎನ್ನುತ್ತಾರೆ.

ಇದನ್ನೆಲ್ಲ ಮನೆಯೊಳಗೇ ಇಟ್ಟುಕೊಂಡಿದ್ದರೆ ಊರಿಗೆ ಗೊತ್ತಾಗುತ್ತಿರಲಿಲ್ಲ. ಚಿಗವ್ವ ದಿನಾ ಬೆಳಿಗ್ಗೆ ಉಣಕಲ್ ಕೆರೆಯ ದಂಡೆಗೆ ವಾಕಿಂಗ್ ಹೋಗುತ್ತಾಳೆ. ಓಣಿಯ ಹೆಂಗಸರ ಒಂದು ಗುಂಪು ಜೊತೆಗಿರುತ್ತದೆ. ಅಲ್ಲಿ ಬೀದಿನಾಯಿಗಳದೂ ಒಂದು ಗುಂಪಿದೆ. ನಾಯಿ ಬೊಗಳಿದರೆ ಹೆಂಗಸರು ದಿಕ್ಕಾಪಾಲಾಗಿ ಓಡುವುದು, ನಾಯಿಗಳು ತಮಗೆ ಸರಿ ಕಂಡವರನ್ನು ಆರಿಸಿಕೊಂಡು ಅಟ್ಟಿಸಿಕೊಂಡು ಹೋಗುವುದು, ಇದು ನಡೆದುಕೊಂಡು ಬಂದ ಪದ್ಧತಿ.

ಒಂದು ದಿನ ನಾನೂ ಜೊತೆಗಿದ್ದೆ. ನಾಯಿಗಳು ಗುರ್ರೆಂದು ಎದುರಿಗೆ ಬಂದವು. ಹೆಂಗಸರು ಚಪ್ಪಲಿ ಕೈಗೆ ತೆಗೆದುಕೊಂಡು ಓಡುವ ತಯಾರಿಯಲ್ಲಿದ್ದರು. ಸೀಟಿ ಕೇಳಿಸಿತು.

"ಒಬ್ಬಾಕೀನೂ ಓಡಬ್ಯಾಡ್ರಿ! ಬೆನ್ನಿಗೆ ಬೆನ್ನು ಹಚ್ಚಿ ಗುಂಡಗ ನಿಂದರ್ರಿ! ಮಾರಿ ಹೊರಗ!"

ಎಷ್ಟೋ ಜನ ಅವಳ ಕೈಯಲ್ಲೇ ಕಲಿತವರು. ಕೈಕಾಲು ತಾವಾಗಿಯೇ ಹೇಳಿದಂತೆ ಕೇಳಿದವು. ಕ್ಷಣದಲ್ಲಿ ಕೆರೆಯ ದಂಡೆಯ ಮೇಲೆ ಒಂದು ಕೋಟೆ ಸಿದ್ಧವಾಯಿತು. ನಾಲ್ಕೂ ದಿಕ್ಕಿಗೆ ಕುಂಕುಮ, ವಿಭೂತಿ, ಕನ್ನಡಕ! ನಾಯಿಗಳು ನಿಂತವು. ಒಂದು ಸುತ್ತು ಹಾಕಿದವು. ಎಲ್ಲಿ ನೋಡಿದರೂ ಮುಖಗಳೇ, ಅಟ್ಟಲು ಒಂದೂ ಬೆನ್ನಿಲ್ಲ. ನಾಯಕ ನಾಯಿ ಒಂದು ಆಕಳಿಕೆ ತೆಗೆದು ಕೆರೆಯ ಕಡೆ ಹೊರಟುಹೋಯಿತು.

"ಟೀಚರ್, ಇದನ್ನ ಸಾಲ್ಯಾಗ ಕಲಿಸಿರಲಿಲ್ಲಲ್ರಿ?" ಎಂದು ಒಬ್ಬಾಕೆ ಕೇಳಿದಳು.

"ಇದು ಮೂರನೇ ಡಿಸ್ಕಿನ್ಯಾಗ ಬರ್ತೈತಿ" ಎಂದಳು ಚಿಗವ್ವ.

ಖಂಡೇನವಮಿಯ ದಿನ ಇನ್ನೊಂದು ಪ್ರಸಂಗ. ನಮ್ಮಲ್ಲಿ ಅವತ್ತು ಆಯುಧಗಳ ಪೂಜೆ. ಕುಡುಗೋಲು, ಕೊಡಲಿ, ಈಗೀಗ ಸ್ಕೂಟರು, ಮಿಕ್ಸರು ಎಲ್ಲಕ್ಕೂ ವಿಭೂತಿ, ಹೂವು. ಚಿಗವ್ವನ ದೇವರ ಜಗಲಿಯ ಮೇಲೆ ನೋಡುತ್ತೇನೆ, ಇಳಿಗೆಮಣೆಯ ಪಕ್ಕದಲ್ಲಿ ಆ ಡಬ್ಬಿ ಕೂತಿದೆ! ಮೂರು ಬೆರಳಿನ ವಿಭೂತಿ, ಮೇಲೊಂದು ಚೆಂಡುಹೂವು.

"ಇದು ಯಾವ ಆಯುಧ ಚಿಗವ್ವಾ?"

"ಒಳಗ ಎಷ್ಟು ಬಂದೂಕ ಅದಾವ ನೋಡೀಯೇನು? ಮನ್ಯಾಗ ಅಷ್ಟು ಹತಾರ ಇಟಗೊಂಡು ಬರೇ ಇಳಿಗಿಮಣಿ ಪೂಜಿ ಮಾಡಿದ್ರ ಅವು ಏನಂತಾವ?"

ಇಷ್ಟೆಲ್ಲ ಇದ್ದರೂ ಚಿಗವ್ವ ಯುದ್ಧಪ್ರೇಮಿ ಎಂದು ಮಾತ್ರ ತಿಳಿಯಬೇಡಿ. ಒಂದು ದಿನ ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ ಎಂದಳು: "ಅಲ್ರೀ, ಈ ಏಡಿ ನಮ್ಮ ಊರಿಗೆ ಬಂದಾವೇನು? ನಮ್ಮವರೇ ಅವುಗಳ ಊರಿಗೆ ಹೋಗ್ಯಾರಲ್ಲ."

ಕಾಕಾ ರೊಟ್ಟಿ ಮುರಿಯುತ್ತ ಕೇಳಿದರು. "ಹಂಗಾರ ನೀ ಏಡಿ ಪಾರ್ಟಿಯೇನು?"

"ನಾ ಯಾವ ಪಾರ್ಟಿನೂ ಅಲ್ಲ. ಹುಡುಗ್ರು ಸುಖರೂಪ ಮನಿಗೆ ಬಂದ್ರ ಸಾಕು."

ಬರಲಿಲ್ಲವಲ್ಲ, ಅದೇ ತೊಂದರೆ. ಡಬ್ಬಿಯ ಕೊನೆಯ ಡಿಸ್ಕಿನ ಕೊನೆಯಲ್ಲಿ ತಂಡ ಏಡಿಗಳ ಸ್ವಂತ ಗ್ರಹಕ್ಕೇ ಇಳಿಯುತ್ತದೆ. ಪರಿಸ್ಥಿತಿ ಕೈಮೀರುತ್ತದೆ. ಎಲ್ಲರನ್ನೂ ಹತ್ತಿಸಿಕೊಂಡು ಹಡಗು ಏಳುತ್ತದೆ, ಹೊಸಾಂವ ಒಬ್ಬ ಹಿಂದೆ ಉಳಿಯುತ್ತಾನೆ. ಕತ್ತಲೆ ಗವಿಯ ಬಾಯಲ್ಲಿ ಮೊಣಕಾಲೂರಿ ಕೂತಿದ್ದಾನೆ. ಮೇಲೆ ಹಡಗಿನ ದೀಪ ಸಣ್ಣದಾಗುತ್ತ ಹೋಗುತ್ತದೆ. ಮುಂದುವರಿಯುವುದು ಎಂದು ಬರುತ್ತದೆ. ಮುಂದೆ ಏನೂ ಇಲ್ಲ.

ಡಬ್ಬಿಯಲ್ಲಿ ಡಿಸ್ಕು ಇಡುವ ಖಾನೆಗಳಿದ್ದವು. ಕೊನೆಯ ಒಂದು ಖಾನೆ ಖಾಲಿ. ಚಿಗವ್ವನಿಗೆ ಇನ್ನೇನು ಸಾಕ್ಷಿ ಬೇಕು?

"ಖಾನಿ ಐತಿ, ಡಿಸ್ಕ್ ಇಲ್ಲ. ಖಾನಿ ಸುಮ್ನ ಮಾಡ್ತಾರೇನು? ಯಾರಿಗೋ ಕೊಟ್ಟೀರಿ, ಹೊಳ್ಳಿ ಇಸಗೊಂಡಿಲ್ಲ. ಹುಡುಗನ್ನ ಕತ್ತಲ್ಯಾಗ ಕುಂದರಿಸಿ ಕಳದು ಬಂದೀರಿ!"

ಅಲ್ಲಿಂದ ಸುರುವಾದದ್ದು ವರ್ಷಗಟ್ಟಲೆ ನಡೆಯಿತು. ಹುಳುಕು ಬದನೆಕಾಯಿ ತಂದರೆ, "ಆ ಡಿಸ್ಕ್ ಕಳದಂಗ ಆತು." ಗ್ಯಾಸ್ ಬುಕ್ ಮಾಡಲು ಮರೆತರೆ, "ಡಿಸ್ಕ್ ಕಳದವರಿಗೆ ಗ್ಯಾಸ್ ಏನ ನೆನಪಿರ್ತೈತಿ?" ಒಮ್ಮೆ ಬೀಗರ ಮನೆಯ ಮದುವೆಯಲ್ಲಿ ಕಾಕಾನಿಗೆ ಯಾರೋ ಉಡುಗೊರೆಯ ಚೀಲ ಕಾಯಲು ಹೇಳಿದರು. ಚಿಗವ್ವ ನಡುವೆ ಬಾಯಿ ಹಾಕಿ, "ಅವರ ಕೈಯಾಗ ಕೊಡಬ್ಯಾಡ್ರಿ" ಎಂದಳು. ಯಾಕೆ ಎಂದು ಅವರು ಕೇಳಿದರು. ಇವಳು ಹೇಳಿದಳು. ಏಡಿಯ ಕಥೆ ಮುಗಿಯುವಷ್ಟರಲ್ಲಿ ವಧೂವರರ ಮೇಲೆ ಅಕ್ಕಿಕಾಳು ಬಿದ್ದುಹೋಗಿತ್ತು.

ನನಗೆ ಕಾಕಾನ ಮೇಲೆ ಕನಿಕರ ಹುಟ್ಟಿತು. ಕಳೆದ ಡಿಸ್ಕು ಎಲ್ಲಾದರೂ ಸಿಗುತ್ತದೆಯೇ ಎಂದು ಫೋನಿನಲ್ಲಿ ಹುಡುಕಿದೆ. ಹುಡುಕಿದಾಗ ಗೊತ್ತಾದದ್ದು ಇಷ್ಟು: ಆ ಡಿಸ್ಕು ಕಳೆದಿಲ್ಲ. ಅದು ಹುಟ್ಟಿಯೇ ಇಲ್ಲ. ಧಾರಾವಾಹಿಯನ್ನು ನಡುವೆಯೇ ನಿಲ್ಲಿಸಿಬಿಟ್ಟಿದ್ದರು. ಕೊನೆಯ ಕಂತುಗಳನ್ನು ಮಾಡಲೇ ಇಲ್ಲ. ಖಾನೆ ಖಾಲಿ ಇದ್ದದ್ದು ಡಬ್ಬಿ ಮಾಡಿದವನ ಅಳತೆಯ ತಪ್ಪು, ಅಷ್ಟೇ.

ನಿರಪರಾಧಿಯೊಬ್ಬನನ್ನು ಬಿಡಿಸುವ ಉತ್ಸಾಹದಿಂದ ಉಣಕಲ್ಲಿಗೆ ಹೋದೆ. ಕಾಕಾ ಹೊರಗೆ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ.

"ನನಗ ಗೊತ್ತೈತವಾ" ಎಂದರು.

"ಗೊತ್ತೈತಿ? ಯಾವಾಗಿಂದ್ರಿ?"

"ಮೊದಲಿಂದ. ಆಕಿ ಕೇಳಿದ ಮರುದಿನಾನ ಮುಂಬೈಯಾಂವಗ ಫೋನ್ ಹಚ್ಚಿದ್ದೆ. ಮುಂದ ಮಾಡೇ ಇಲ್ಲ ಅಂದ. ಹೇಳೂಣು ಅಂತ ಒಳಗ ಬಂದೆ. ನಿಮ್ಮ ಚಿಗವ್ವ ಅಟ್ಟಾ ಹತ್ತಿ ಹುಡುಕಾಕತ್ತಿದ್ಲು. ಮಾರೀಗೆಲ್ಲಾ ಜೇಡರ ಬಲಿ ಹತ್ತಿತ್ತು. 'ಕಳದಿದ್ರ ಸಿಗತೈತಿ ಬಿಡ್ರಿ, ಎಲ್ಲಿ ಹೋಗತೈತಿ' ಅಂದ್ಲು."

"ಅದಕ್ಕ?"

ಕಾಕಾ ಒಂದು ಶೇಂಗಾ ಒಡೆದು ಕಾಳನ್ನು ನನ್ನ ಕೈಗೆ ಹಾಕಿದರು. "ಕಳದೈತಿ ಅಂದ್ರ ಆ ಹುಡುಗ ಎಲ್ಲ್ಯರೆ ಮನಿ ಮುಟ್ಟ್ಯಾನ, ನಾವು ನೋಡಿಲ್ಲ ಅಷ್ಟ, ಅಂತಾತು. ಮಾಡೇ ಇಲ್ಲ ಅಂದ್ರ ಅಂವ ಅಲ್ಲೇ ಕತ್ತಲ್ಯಾಗ ಕುಂತಾನ ಅಂತಾತು. ಅದರಕಿಂತ ನಾ ಕಳದೇನಿ ಅನ್ನೂದ ಛಲೋ ಅಲ್ಲೇನು?"

"ಹಂಗಂತ ಎಷ್ಟ ದಿನಾ ಬೈಸ್ಕೊಳ್ಳಾವ್ರು?"

"ಡಿಸ್ಕ್ ಇಲ್ಲಂದ್ರ ಬ್ಯಾರೆದಕ್ಕ ಬೈತಾಳ. ಇದು ರೂಢಿ ಆಗೇತಿ. ನೀ ಏನೂ ಹೇಳಬ್ಯಾಡ."

ನಾನು ಹೇಳಲಿಲ್ಲ.

ಹೀಗೇ ನಡೆದಿತ್ತು. ಹೋದ ವರ್ಷ ಒಂದು ಬೆಳಿಗ್ಗೆ ಕಾಕಾ ಪೇಪರು ಓದುತ್ತ ಕೂತವರು, "ಯಾಕೋ ಅರ್ಧ ಪರದಾ ಇಳದೈತಿ" ಎಂದರು. ಚಿಗವ್ವ ಕಿಟಕಿಯ ಪರದೆ ಸರಿಸಿದಳು. ಇಳಿದದ್ದು ಕಿಟಕಿಯದಲ್ಲ, ಬಲಗಣ್ಣಿನದು. ಅವರ ಎಡಗಣ್ಣು ಚಿಕ್ಕಂದಿನಿಂದಲೂ ಮಂದ. ಬಣ್ಣ, ಆಕಾರ ಗೊತ್ತಾಗುತ್ತದೆ, ಅಕ್ಷರ ಕಾಣುವುದಿಲ್ಲ. ಇಷ್ಟು ವರ್ಷ ಭಾರವೆಲ್ಲ ಇದ್ದದ್ದು ಬಲಗಣ್ಣಿನ ಮೇಲೆ.

ದವಾಖಾನೆಗೆ ಓಡಿದೆವು. ಕಣ್ಣಿನ ಹಿಂಭಾಗದಲ್ಲಿ ಒಂದು ಪರದೆ ಇರುತ್ತದೆ, ಅದು ಗೋಡೆಯಿಂದ ಬಿಟ್ಟಿದೆ, ತಡ ಮಾಡುವಂತಿಲ್ಲ ಎಂದರು ಡಾಕ್ಟರು. ಆಪರೇಶನ್ ಆಯಿತು. ಪರದೆಯನ್ನು ಜಾಗದಲ್ಲಿ ಒತ್ತಿ ಹಿಡಿಯಲು ಕಣ್ಣೊಳಗೆ ಗಾಳಿಯ ಗುಳ್ಳೆ ಬಿಟ್ಟಿರುತ್ತಾರಂತೆ. ಗುಳ್ಳೆ ಯಾವಾಗಲೂ ಮೇಲಕ್ಕೇರುತ್ತದೆ. ಅದು ಪರದೆಗೇ ಹೋಗಿ ಒತ್ತಬೇಕಾದರೆ ರೋಗಿ ಮುಖ ಕೆಳಗೆ ಮಾಡಿಯೇ ಇರಬೇಕು. ಕೂತರೂ, ಮಲಗಿದರೂ, ಉಂಡರೂ ನೆಲ ನೋಡುತ್ತಲೇ. ಕಣ್ಣು ಬರುತ್ತದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು.

ಚಿಗವ್ವ ಡಾಕ್ಟರ ಮಾತನ್ನು ಆರ್ಡರ್ ಎಂದು ತೆಗೆದುಕೊಂಡಳು. ಮೇಜಿನ ಮೇಲೆ ತಲೆದಿಂಬುಗಳ ಅಟ್ಟಿ ಕಟ್ಟಿ, ನಡುವೆ ಸಂದು ಬಿಟ್ಟು, ಕಾಕಾನ ಹಣೆಯನ್ನು ಅದರ ಮೇಲೆ ಇರಿಸಿದಳು. ಸಂದಿಯಿಂದ ಕಾಣುವುದು ನೆಲದ ಫರಶಿ ಮಾತ್ರ. ತಲೆ ಸ್ವಲ್ಪ ಎದ್ದರೂ ಸೀಟಿ! ಮಾತಾಡಿಸಲು ಬಂದ ಬೀಗರು ಅವರ ಬೆನ್ನಿನ ಜೊತೆ ಮಾತಾಡಿ, ಬೆನ್ನಿಗೇ ಕೈಮುಗಿದು ಹೋಗುತ್ತಿದ್ದರು. ಸ್ವಲ್ಪ ದಿನದಲ್ಲಿ ಕಾಕಾ ಆ ಮಂದಗಣ್ಣಿನಿಂದಲೇ ಮಂದಿಯನ್ನು ಕಾಲಿನಿಂದ ಗುರುತು ಹಿಡಿಯತೊಡಗಿದರು. ನಾನು ಹೋದರೆ, "ಬಾರವಾ, ಧಾರವಾಡದ ಧೂಳಾ ತಂದಿ" ಎನ್ನುತ್ತಿದ್ದರು.

ಅಷ್ಟು ನಗಿಸುತ್ತಿದ್ದವರು ಬರಬರುತ್ತ ಮಂಕಾದರು. ಊಟ ಬೇಡ ಎನ್ನುವುದು, ಕೇಳಿದ್ದಕ್ಕೆ ಹೂಂ ಎನ್ನುವುದು. ಒಂದು ಸಲ ಚಿಗವ್ವ ಅಡುಗೆಮನೆಯಲ್ಲಿದ್ದಾಗ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು.

"ಪೂರಾ ಕತ್ತಲ ಆದ್ರ ಏನ ಮಾಡೂದವಾ?"

ನಾನು ಏನೋ ಸಮಾಧಾನ ಹೇಳಿದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಸುರುವಾಯಿತು.

ಮಾರನೆಯ ದಿನದಿಂದ ಚಿಗವ್ವ ಡಬ್ಬಿ ತೆಗೆದಳು. ಒಂದನೆಯ ಡಿಸ್ಕಿನಿಂದ ಹಚ್ಚಿ, ಕಾಕಾನ ಪಕ್ಕದಲ್ಲಿ ಕೂತು, ಪರದೆಯ ಮೇಲೆ ಕಂಡದ್ದನ್ನೆಲ್ಲ ಹೇಳತೊಡಗಿದಳು. ಕ್ರಿಕೆಟ್ ಕಾಮೆಂಟ್ರಿ ಅದರ ಮುಂದೆ ಏನೂ ಅಲ್ಲ. ಕಾಕಾನಿಗೆ ಇಂಗ್ಲಿಷ್ ತಿಳಿಯುತ್ತದೆ, ಸಂಭಾಷಣೆ ಕಿವಿಗೆ ಬೀಳುತ್ತದೆ. ಜಗಳ ಆಗದೆ ಇದ್ದೀತೇ?

"ದಪ್ಪಮೀಸಿ ಹೊಸಾಂವಗ 'ಊಟಾ ಮಾಡೀಯೇನೋ ತಮ್ಮಾ' ಅಂತ ಕೇಳಾಕತ್ತಾನ."

"ಅಂವ ಹಂಗ ಅಂದಿಲ್ಲ. 'ಬಂದೂಕ ಸ್ವಚ್ಛ ಮಾಡು' ಅಂದಾನ."

"ನೀವು ಅವನ ಮಾರಿ ನೋಡೀರೇನು? ಮಾರಿ ಊಟದ್ದ ಐತಿ."

"ಆ ಗೊಂಬಿ ಮಾರಿ ಯಾವಾಗ್ಲೂ ಹಂಗ ಇರತೈತೆಲ್ಲ!"

"ಬಾಯಿ ತಗೀರಿ" ಎಂದು ಚಿಗವ್ವ ಒಂದು ತುತ್ತು ತುರುಕುತ್ತಿದ್ದಳು. ಜಗಳದ ಭರದಲ್ಲಿ ಕಾಕಾ ಪೂರ್ತಿ ರೊಟ್ಟಿ ತಿಂದದ್ದು ಅವರಿಗೇ ಗೊತ್ತಾಗುತ್ತಿರಲಿಲ್ಲ.

ಮುಂದೆ ಕಾಕಾನ ಕಣ್ಣು ತಕ್ಕಮಟ್ಟಿಗೆ ಬಂತು ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. ಪೇಪರಿನ ದಪ್ಪ ಅಕ್ಷರ ಓದುತ್ತಾರೆ. ಬದನೆಕಾಯಿಯ ಹುಳುಕು ಕಾಣುವುದಿಲ್ಲ, ಅದು ಮೊದಲೂ ಕಾಣುತ್ತಿರಲಿಲ್ಲ. ಆದರೆ ನಾನು ಹೇಳಬೇಕಾದದ್ದು ಅದಕ್ಕೂ ಮುಂಚಿನ ಒಂದು ಮಧ್ಯಾಹ್ನದ ಮಾತು. ಕಣ್ಣು ಬರುತ್ತದೆಂದು ನಮಗಿನ್ನೂ ಯಾರೂ ಹೇಳಿರಲಿಲ್ಲ.

ಹಿಂದಿನ ದಿನ ಡಬ್ಬಿಯ ಡಿಸ್ಕುಗಳು ಮುಗಿದಿದ್ದವು. ಹೊಸಾಂವ ಗವಿಯ ಬಾಯಲ್ಲಿ ಕೂತಿದ್ದ. ಅಷ್ಟರ ಮೇಲೆ ಕಾಕಾ ಮತ್ತೆ ಮಾತು ಬಿಟ್ಟಿದ್ದರು. ನಾನು ಹೋದಾಗ ಕಾಲು ನೋಡಿಯೂ ಏನೂ ಅನ್ನಲಿಲ್ಲ. ಒಳಗಿನ ಖೋಲಿಯಲ್ಲಿ ಏನೇನೋ ಸರಿಸಾಡುವ ಸದ್ದು ಬಹಳ ಹೊತ್ತು ಕೇಳಿತು. ಆಮೇಲೆ ಚಿಗವ್ವನ ದನಿ.

"ಸಿಕ್ತ್ರೀ! ಕಪಾಟಿನ ಹಿಂದ ಬಿದ್ದಿತ್ತು!"

"ಏನು?" ಎಂದರು ಕಾಕಾ.

"ಡಿಸ್ಕ್ ರೀ. ಕಡೀದು!"

ಅವಳು ಹೊರಗೆ ಬಂದಳು. ಕೈಯಲ್ಲಿ ಏನೂ ಇರಲಿಲ್ಲ. ನನ್ನನ್ನು ಒಮ್ಮೆ ನೋಡಿದಳು. ಡಿ.ವಿ.ಡಿ. ಪ್ಲೇಯರಿನ ಗುಂಡಿ ಒತ್ತಿದಳು. ತಟ್ಟೆ ಗರ್ರೆಂದು ಹೊರಗೆ ಬಂತು. ಡಿಸ್ಕು ಇಡುವಷ್ಟು ಹೊತ್ತು ತಡೆದು ಮತ್ತೆ ಒತ್ತಿದಳು. ಗರ್ರೆಂದು ಒಳಗೆ ಹೋಯಿತು. ಟಿ.ವಿ. ಹಚ್ಚಲಿಲ್ಲ. ಕಪ್ಪು ಗಾಜಿನಲ್ಲಿ ನಾವು ಮೂವರು ಮಸಕಾಗಿ ಕಾಣುತ್ತಿದ್ದೆವು.

"ದನಿ ಬರವಲ್ದು. ಧೂಳ ಹಿಡದು ಕೆಟ್ಟೈತಿ. ಚಿತ್ರ ಅಷ್ಟ ಬರಾಕತ್ತೈತಿ. ನಾ ಹೇಳ್ತೇನಿ, ಕೇಳ್ರಿ."

ಕಾಕಾನ ಬೆನ್ನು ಅಲ್ಲಾಡಲಿಲ್ಲ. ತಲೆದಿಂಬಿನ ಸಂದಿಯಿಂದ ದನಿ ಬಂತು. "ಹೇಳು. ಹೊಸಾಂವ ಅದಾನೇನು?"

"ಅದಾನ್ರಿ. ಎಲ್ಲಿ ಬಿಟ್ಟು ಹೋಗಿದ್ರೋ ಅಲ್ಲೇ ಕುಂತಾನ. ಕತ್ತಲ ಭಾಳ ಐತಿ. ತನ್ನ ಕೈ ತನಗ ಕಾಣವಲ್ದು."

"ಅಂಜ್ಯಾನೇನು?"

"ಅಂಜ್ಯಾನ. ಯಾಕ ಅಂಜಬಾರದು? ಸಣ್ಣಾಂವ ಅದಾನ."

"ಏಡಿ?"

"ಸುತ್ತಲೂ ಅದಾವ. ಸುಮ್ನ ಕುಂತಾವ. ಅವಕ್ಕೂ ಸಾಕಾಗೇತಿ. ಒಂದು ಮರಿ ಇವನ ಕಾಲ ಮೂಸಿ ನೋಡಿ ಹೋತು."

ಚಿಗವ್ವ ಕಪ್ಪು ಗಾಜನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದಳು. ನಿಜವಾಗಿ ಕಾಣುತ್ತಿದೆಯೇನೋ ಎಂದು ನಾನೂ ಒಮ್ಮೆ ತಿರುಗಿ ನೋಡಿದೆ.

"ಬಂದ್ಳು, ಬಂದ್ಳು! ಗಟ್ಟಿಗಿತ್ತಿ ಹಡಗ ತಂದ್ಳು. ದಪ್ಪಮೀಸಿ ಬ್ಯಾಡಂದ್ರೂ ಕೇಳದ ಹೊಳ್ಳಿಸಿಕೊಂಡು ಬಂದಾಳ. ದೂರದಾಗ ಒಂದ ಚುಕ್ಕಿ ಅಷ್ಟ ಬೆಳಕ ಐತ್ರಿ. ಹೊಸಾಂವಗ ಖರೇ ಅನಸವಲ್ದು. ಕಣ್ಣ ತಿಕ್ಕೊಳ್ಳಾಕತ್ತಾನ. ಈಗ ಅರ್ಧಾ ಬಂತು. ಈಗ ಪೂರ್ತಿ ಬಂತು. ಎಲ್ಲಾ ಕಾಣಾಕತ್ತೈತಿ ಅವಗ."

"ಮನಿ ಮುಟ್ಟಿದಾ?"

"ಮುಟ್ಟಿದ್ರಿ. ಅವರವ್ವ ರೊಟ್ಟಿ ಬಡಿಯೂದು ಬಿಟ್ಟು ಬಾಗಲಕ್ಕ ಬಂದಾಳ. ಕೈ ತುಂಬ ಹಿಟ್ಟ ಐತಿ. ಹಂಗ ಮಾರಿ ಹಿಡಕೊಂಡಾಳ. ಅವನ ಮಾರಿ ತುಂಬ ಜೋಳದ ಹಿಟ್ಟ ಆಗೇತಿ."

ಯಾವ ದೇಶದ ಯಾವ ಕಂಪ್ಯೂಟರಿನಲ್ಲಿ ಜೋಳದ ಹಿಟ್ಟು ಸಿಕ್ಕಿತೋ! ಕಾಕಾ ಅದನ್ನು ಕೇಳಲಿಲ್ಲ. ಮುಂದೆ ಮಾಡೇ ಇಲ್ಲ ಎಂದು ಮುಂಬೈಯವನು ಹೇಳಿದ್ದು ಅವರಿಗೂ ಗೊತ್ತು, ನನಗೂ ಗೊತ್ತು. ಚಿಗವ್ವನಿಗೆ ಯಾವಾಗ ಗೊತ್ತಾಯಿತು, ಅಥವಾ ಗೊತ್ತಾಯಿತೋ ಇಲ್ಲವೋ, ನಾನು ಇವತ್ತಿನವರೆಗೂ ಕೇಳಿಲ್ಲ.

ಅವಳು ಎದ್ದು ಪ್ಲೇಯರನ್ನು ಆರಿಸಿದಳು. ಆಮೇಲೆ ಕಾ​ಕಾನ ಬೆನ್ನ ಮೇಲೆ ಕೈಯಿಟ್ಟು ಎಂದಳು: "ನೀವೇನೂ ಕಳದಿರಲಿಲ್ಲ ನೋಡ್ರಿ. ಮನ್ಯಾಗ ಇತ್ತು. ನಾ ಸುಮ್ಮಸುಮ್ಮನ ನಿಮಗ ಅಂದೆ."

ದಿಂಬಿನ ಸಂದಿಯ ಕೆಳಗೆ ಫರಶಿಯ ಮೇಲೆ ಒಂದು ಹನಿ ಬಿತ್ತು. ಪಕ್ಕದಲ್ಲಿ ಇನ್ನೊಂದು ಬಿತ್ತು.

"ಡಾಕ್ಟರು ಏನ ಹೇಳ್ಯಾರ? ಕಣ್ಣೀರ ತಗೀಬ್ಯಾಡ್ರಿ" ಎಂದಳು ಚಿಗವ್ವ.

"ಕಣ್ಣೀರಲ್ಲ. ನೀ ಹಾಕಿದ ಔಷಧ ಸೋರಾಕತ್ತೈತಿ."

ಚಿಗವ್ವ ಸೀರೆ ಎತ್ತಿಕಟ್ಟಿ ಫರಶಿಯ ಮೇಲೆ ಕೂತಳು. ಮೇಜಿನ ಕೆಳಗೆ ಬಗ್ಗಿ, ಆ ಸಂದಿಯೊಳಗಿಂದ ಗಂಡನ ಮುಖವನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು.

"ಔಷಧ ಹಾಕಿದ್ದು ಒಂದ ಕಣ್ಣಿಗೆ" ಎಂದಳು. ಸೆರಗಿನ ತುದಿಯಿಂದ ಎರಡೂ ಕೆನ್ನೆಗಳನ್ನು ಒರೆಸಿದಳು.